ಬ್ರೇಕ್ ಹಾಕಿದ್ದು ಕಾರೋ, ಇವರೋ?

(ಹೆಸರು, ಊರು, ಕೆಲಸದ ವಿವರ ಬದಲಿಸಿದ್ದೇನೆ. ಬರೆಯಲು ಇಬ್ಬರೂ ಒಪ್ಪಿದ್ದಾರೆ.)

ಸುಧಾ ಮತ್ತು ಕಿರಣ್ ದಂಪತಿ ಸಮಾಲೋಚನೆಗೆ ನನ್ನ ಬಳಿ ಬಂದಾಗ ಮೂರು ವಾರದಿಂದ ಸರಿಯಾಗಿ ಮಾತಾಡಿರಲಿಲ್ಲ. ಕಾರಣ ಕೇಳಿದೆ. ಇಬ್ಬರೂ ಒಂದೇ ಘಟನೆ ಹೇಳಿದರು, ಕಥೆ ಮಾತ್ರ ಬೇರೆ ಬೇರೆ.

ಶುಕ್ರವಾರ ರಾತ್ರಿ ಬೆಂಗಳೂರಿನಿಂದ ಪುತ್ತೂರಿಗೆ ಹೊರಟಿದ್ದರು. ಕಿರಣ್ ಅವರ ಅಪ್ಪ ಅಮ್ಮ ಇರುವುದು ಅಲ್ಲಿ. ಚನ್ನರಾಯಪಟ್ಟಣ ದಾಟಿದ ಮೇಲೆ ಕಾರು ಕ್ರೂಸ್‌ನಲ್ಲಿತ್ತು, ಅಂದರೆ ವೇಗವನ್ನು ಕಾರೇ ನೋಡಿಕೊಳ್ಳುತ್ತಿತ್ತು. ಮುಂದಿದ್ದ ಲಾರಿಯಿಂದ ತಾನೇ ಅಂತರ ಇಟ್ಟುಕೊಂಡು ಹೋಗುತ್ತಿತ್ತು. ಲಾರಿ ಇದ್ದಕ್ಕಿದ್ದ ಹಾಗೆ ಪಕ್ಕದ ಲೇನ್‌ಗೆ ಸರಿಯಿತು. ಎದುರಿಗೆ ತೆಂಗಿನಕಾಯಿ ತುಂಬಿದ ಟ್ರ್ಯಾಕ್ಟರ್ ಟ್ರೇಲರ್ ನಿಂತಿತ್ತು. ಹಿಂದೆ ಲೈಟಿಲ್ಲ, ರಿಫ್ಲೆಕ್ಟರೂ ಇಲ್ಲ. ಕಾರು ಕೂಗಿಕೊಂಡಿತು, ಬ್ರೇಕ್ ಬಿತ್ತು. ಹಿಂದಿನ ಸೀಟಿನಿಂದ ಮಗಳ ಸ್ಟೀಲ್ ಬಾಟಲಿ ಹಾರಿ ಬಂದು ಗೇರ್ ಹತ್ತಿರ ಬಿತ್ತು. ಒಂದು ಬೈಕ್ ನಿಲ್ಲಿಸುವಷ್ಟು ಜಾಗದಲ್ಲಿ ಬಚಾವ್.

"ಕಾರೇ ನಮ್ಮನ್ನು ಉಳಿಸಿತು ಮೇಡಂ. ಆದರೂ ಇವಳಿಗೆ ನಂಬಿಕೆ ಇಲ್ಲ" ಎಂದರು ಕಿರಣ್.

"ಇವರು ಫೋನ್‌ನಲ್ಲಿ ಹಾಡು ಬದಲಿಸ್ತಾ ಇದ್ರು. ಕಾರು ನೋಡ್ಕೊಳ್ಳುತ್ತೆ ಅಂತ ತಾನೇ ರಸ್ತೆಯಿಂದ ಕಣ್ಣು ತೆಗೆದದ್ದು?" ಎಂದರು ಸುಧಾ.

ಬ್ರೇಕ್ ಹಾಕಿದ್ದು ಕಾರೋ ತಾನೋ ಎಂದು ಕಿರಣ್‌ಗೇ ಗೊತ್ತಿಲ್ಲ. ಮಗಳಿಗೆ ಒಂಬತ್ತು ವರ್ಷ. ಅಂದಿನಿಂದ ಅವಳು ಕಾರಿನಲ್ಲಿ ನಿದ್ದೆ ಮಾಡುವುದಿಲ್ಲ. ಡ್ಯಾಶ್‌ಬೋರ್ಡ್‌ನಲ್ಲಿ ಸ್ಟಿಯರಿಂಗ್ ಚಿತ್ರ ಮಿನುಗಿದ ಕೂಡಲೇ "ಅಪ್ಪಾ, ಕೈ ಇಡು" ಅನ್ನುತ್ತಾಳೆ. ನನಗೆ ಎಲ್ಲಕ್ಕಿಂತ ಜಾಸ್ತಿ ಕಳವಳ ತಂದದ್ದು ಇದೇ.

ನಾನು ಮೆಕ್ಯಾನಿಕ್ ಅಲ್ಲ. ಆದರೂ ಮೊದಲ ಹೋಂವರ್ಕ್ ಕೊಟ್ಟಿದ್ದು ಕಾರಿನ ಮ್ಯಾನ್ಯುಯಲ್ ಇಬ್ಬರೂ ಒಟ್ಟಿಗೆ ಕೂತು ಓದಬೇಕು ಎಂದು. 2021ರಿಂದ ಈಚೆಗೆ ನಮ್ಮ ಮಧ್ಯಮ ಬೆಲೆಯ ಕಾರುಗಳಿಗೂ ಬಂದ ಈ ವ್ಯವಸ್ಥೆ ಲೆವೆಲ್ 2. ಅಂದರೆ ಕಾರು ಸಹಾಯ ಮಾಡುತ್ತದೆ, ಓಡಿಸುವವರು ನೀವೇ. ಕಣ್ಣು ಪೂರ್ತಿ ಹೊತ್ತು ರಸ್ತೆ ಮೇಲಿರಬೇಕು. ಮುಂದಿನ ಗಾಡಿ ಸರಿದು ನಿಂತ ಗಾಡಿ ಎದುರಾಗುವುದು ಇಂಥ ಕ್ರೂಸ್‌ಗೆ ಕಷ್ಟದ ಪರೀಕ್ಷೆ. ಪ್ರತಿ ಬೋರ್ಡಿಗೂ ಸೇತುವೆಗೂ ಬ್ರೇಕ್ ಬೀಳಬಾರದಲ್ಲ, ಅದಕ್ಕೆ ಅಲುಗಾಡದ ವಸ್ತುಗಳನ್ನು ರೇಡಾರ್ ಎಷ್ಟೋ ಸಲ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಜೋರು ಮಳೆ, ಮಂಜು, ಗಾಜಿನ ಮೇಲಿನ ಕೆಸರು ಕ್ಯಾಮೆರಾದ ಕಣ್ಣು ಕಟ್ಟುತ್ತವೆ. 80 ಕಿಲೋಮೀಟರ್ ವೇಗದಲ್ಲಿ ಒಂದು ಸೆಕೆಂಡಿಗೆ 22 ಮೀಟರ್ ದಾಟಿರುತ್ತೀರಿ. ಹಾಡು ಬದಲಿಸಲು ಎಷ್ಟು ಸೆಕೆಂಡ್ ಬೇಕು?

ಮುಂದಿನ ಸಲ ಬಂದಾಗ ಕಿರಣ್ ಸ್ವಲ್ಪ ಮೆತ್ತಗಾಗಿದ್ದರು. ಆಗ ಕೇಳಿದೆ, "ಶುಕ್ರವಾರ ಎಷ್ಟು ಗಂಟೆಗೆ ಏಳುತ್ತೀರಿ?" ಐದೂವರೆಗೆ. ಆಫೀಸು ಮುಗಿಸಿ ಹೊರಡುವುದು ರಾತ್ರಿ ಒಂಬತ್ತಕ್ಕೆ. ಶನಿವಾರ ಬೆಳಗ್ಗೆ ಮಗ ಮನೆಯಲ್ಲಿರಬೇಕು ಎಂದು ಅಮ್ಮನ ಆಸೆ. "ಕ್ರೂಸ್ ಇಲ್ಲದಿದ್ದರೆ ನನ್ನ ಕೈಲಿ ಆಗಲ್ಲ ಮೇಡಂ" ಎಂದು ಅವರೇ ಬಾಯಿಬಿಟ್ಟರು. ಸುಧಾ ತಿರುಗಿ ನೋಡಿದರು. ಈ ಮಾತನ್ನು ಅವರು ಕೇಳುತ್ತಿದ್ದದ್ದು ಅದೇ ಮೊದಲು.

ತಂತ್ರಜ್ಞಾನವನ್ನು ನಂಬಬೇಕೋ ಬೇಡವೋ ಎಂಬ ಜಗಳ ನನಗೆ ಆಮೇಲೆ ಮುಖ್ಯ ಅನಿಸಲಿಲ್ಲ. ಆಯಾಸ ಮುಚ್ಚಿಡಲು ಕಾರು ನೆರವಾಗುತ್ತಿತ್ತು, ಅಷ್ಟೇ. ಹಾಗಾದರೆ ಅರ್ಧ ದಾರಿ ಸುಧಾ ಓಡಿಸಬಹುದಲ್ಲ ಎಂದೆ. ಅವರ ಬಳಿ ಲೈಸೆನ್ಸ್ ಇದೆ, ಹಳೇ ಕಾರನ್ನು ದಿನಾ ಓಡಿಸುತ್ತಿದ್ದರು. ಕಿರಣ್ ತಡವರಿಸಿದರು. "ಹೈವೇ ಅಲ್ವಾ, ಹೊಸ ಗಾಡಿ ಬೇರೆ..."

"ಕ್ಯಾಮೆರಾಕ್ಕೆ ಸ್ಟಿಯರಿಂಗ್ ಬಿಟ್ಟುಕೊಡ್ತೀರಿ, ನಂಗೆ ಮಾತ್ರ ಕೊಡಲ್ಲ, ಅಲ್ವೇನ್ರೀ?"

ನನಗೂ ನಗು ತಡೆಯಲಾಗಲಿಲ್ಲ. ಕಿರಣ್ ಮುಖ ನೋಡಿ ಸುಮ್ಮನಾದೆ.

ಕೊಟ್ಟ ಸಲಹೆ ಹೀಗಿತ್ತು. ಶುಕ್ರವಾರ ರಾತ್ರಿ ಪ್ರಯಾಣ ಬಂದ್, ಶನಿವಾರ ನಿದ್ದೆ ಮುಗಿಸಿ ಬೆಳಗಿನ ಜಾವ ಹೊರಡುವುದು. ಹಾಸನದವರೆಗೆ ಸುಧಾ, ಅಲ್ಲಿಂದ ಕಿರಣ್. ಹೊಸ ಕಾರು ಕೈಗೆ ಒಗ್ಗುವವರೆಗೆ ಸುಧಾ ಊರೊಳಗೆ ಓಡಿಸಿ ಅಭ್ಯಾಸ ಮಾಡಬೇಕು. ಶಿರಾಡಿ ಘಾಟಿಯಲ್ಲಿ, ಜೋರು ಮಳೆಯಲ್ಲಿ ಕ್ರೂಸ್ ಮತ್ತು ಲೇನ್ ಅಸಿಸ್ಟ್ (ಕಾರನ್ನು ಲೇನ್ ಒಳಗೇ ಇಡುವ ಸಹಾಯ) ಎರಡೂ ಆಫ್. ಸುಧಾ ಎಲ್ಲವನ್ನೂ ತೆಗೆದುಬಿಡಿ ಎನ್ನುತ್ತಿದ್ದರು. ಅದಕ್ಕೆ ನಾನು ಒಪ್ಪಲಿಲ್ಲ. ಕಾರು ತಾನೇ ಹಾಕುವ ತುರ್ತು ಬ್ರೇಕ್ ಆನ್ ಇರಲಿ, ಮನುಷ್ಯ ತಪ್ಪಿದಾಗ ಅದು ಬೇಕು. ಅದಿದೆ ಎಂದು ಫೋನ್ ಮುಟ್ಟುವಂತಿಲ್ಲ. ಹಾಡು ಹಾಕುವ ಕೆಲಸ ಪಕ್ಕದಲ್ಲಿ ಕೂತವರದ್ದು.

ಪಕ್ಕದಲ್ಲಿ ಕೂತವರು ಹೆದರಿ "ಆಫ್ ಮಾಡಿ" ಎಂದರೆ ಮರುಮಾತಿಲ್ಲದೆ ಕ್ರೂಸ್ ಆಫ್ ಮಾಡಬೇಕು, ವಾದ ಏನಿದ್ದರೂ ಕಾಫಿಗೆ ನಿಂತಾಗ. ಸುಧಾ ಕೂಡ ಪ್ರತಿ ರೋಡ್ ಹಂಪ್‌ಗೂ "ಬ್ರೇಕ್, ಬ್ರೇಕ್" ಎಂದು ಕಿರುಚುವಂತಿಲ್ಲ. ಮಗಳ ಹತ್ತಿರ ಕಿರಣ್ ತಾವೇ ಕೂತು, "ಅವತ್ತು ನಾನು ರಸ್ತೆ ನೋಡ್ತಾ ಇರಲಿಲ್ಲ ಪುಟ್ಟಾ. ಕಾರನ್ನು ಕಾಯೋದು ನಿನ್ನ ಕೆಲಸ ಅಲ್ಲ" ಎಂದು ಹೇಳಬೇಕು. ಇದನ್ನು ತಾಯಿ ಹೇಳಿದರೆ ಸಾಲದು.

ಎರಡು ತಿಂಗಳ ಮೇಲೆ ಬಂದರು. ಮಗಳು ಸಕಲೇಶಪುರದವರೆಗೆ ಮಲಗಿದಳಂತೆ, ಘಾಟಿಯಲ್ಲಿ ಇನ್ನೂ ಎದ್ದು ಕೂರುತ್ತಾಳೆ. ಸುಧಾ ಓಡಿಸುವಾಗ ಕಿರಣ್ ಇಲ್ಲದ ಬ್ರೇಕನ್ನು ಕಾಲಲ್ಲಿ ಒತ್ತುತ್ತಲೇ ಇರುತ್ತಾರಂತೆ. ಶನಿವಾರ ಮಧ್ಯಾಹ್ನ ಬರುವ ಮಗನನ್ನು ಕಂಡು ಅತ್ತೆಗೆ ಬೇಸರ, ಅದಕ್ಕೆ ಕಾರಣ ಸೊಸೆ ಎಂದೇ ಅವರ ಲೆಕ್ಕ. ನಿಜವನ್ನು ಅಮ್ಮನಿಗೆ ಕಿರಣ್ ಇನ್ನೂ ಹೇಳಿಲ್ಲ. ಮುಂದಿನ ಭೇಟಿಯಲ್ಲಿ ಅದನ್ನೇ ಎತ್ತಿಕೊಳ್ಳುತ್ತೇವೆ.