ನಡೆಸುವಾಗ ಮಗ್ಗಿ ಕೇಳಬಹುದೇ?

ಪ್ರಶ್ನೆ: ಬೆಲ್ಲದ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದ ನಮ್ಮ ತಂದೆಯವರಿಗೆ (62 ವರ್ಷ) ಐದು ತಿಂಗಳ ಹಿಂದೆ ಪಾರ್ಶ್ವವಾಯು ಆಗಿ ಎಡಗೈ, ಎಡಗಾಲು ಸೋತವು. ಈಗ ಕೋಲು ಹಿಡಿದು ನಡೆಯುತ್ತಾರೆ. ಆದರೆ ಸಣ್ಣ ಲೆಕ್ಕವೂ ತಪ್ಪುತ್ತದೆ, ಹೇಳಿದ್ದು ಮರೆಯುತ್ತಾರೆ. ವಾಕಿಂಗ್‌ನಿಂದ ಮೆದುಳೂ ಚುರುಕಾಗುತ್ತದೆ ಎಂದು ಕೇಳಿ, ನಡೆಸುವಾಗಲೇ ಮಗ್ಗಿ ಹೇಳಿಸುತ್ತೇನೆ. ಆಗ ಅವರು ನಿಂತೇಬಿಡುತ್ತಾರೆ. ನಾನು ಮಾಡುತ್ತಿರುವುದು ಸರಿಯೇ?
– ಓದುಗರೊಬ್ಬರು, ಮಂಡ್ಯ

ಉತ್ತರ: ನಿಮ್ಮ ತಂದೆಯವರು ನಿಲ್ಲುವುದನ್ನು ಮೊಂಡುತನವೆಂದು ತಿಳಿಯಬೇಡಿ. ಆರೋಗ್ಯವಂತರಿಗೆ ನಡಿಗೆ ತನ್ನಷ್ಟಕ್ಕೆ ಸಾಗುವ ಕೆಲಸ. ಪಾರ್ಶ್ವವಾಯುವಿನ ನಂತರವಾದರೋ ಕಾಲೆತ್ತುವುದಕ್ಕೂ ಊರುವುದಕ್ಕೂ ಮನಸ್ಸಿಡಬೇಕಾಗುತ್ತದೆ, ಆ ಹೊತ್ತಿನಲ್ಲಿ ‘ಏಳೆಂಟ್ಲ ಎಷ್ಟು?’ ಎಂದು ಕೇಳಿದರೆ ಎರಡಕ್ಕೂ ಸಾಲುವಷ್ಟು ಗಮನ ಉಳಿದಿರುವುದಿಲ್ಲ. ಮಾತನಾಡಿಸಿದಾಗ ನಿಂತುಬಿಡುವ ವೃದ್ಧರು ಮುಂದೆ ಬೀಳುವ ಸಂಭವ ಹೆಚ್ಚೆಂದು 1997ರಲ್ಲೇ ಪ್ರಕಟವಾದ ಅಧ್ಯಯನವೊಂದು ತೋರಿಸಿತ್ತು. ಆದ್ದರಿಂದ ಸದ್ಯಕ್ಕೆ ಮಗ್ಗಿಯನ್ನು ಬಿಡಿ, ನಡಿಗೆಯನ್ನು ಬಿಡಬೇಡಿ.

ನಡಿಗೆಯಿಂದ ಮೆದುಳಿಗೆ ಲಾಭವಿದೆ ಎಂಬುದು ನಿಜ. ರಕ್ತದೊತ್ತಡ, ಸಕ್ಕರೆ ಹತೋಟಿಗೆ ಬರಲು ಅದು ನೆರವಾಗುತ್ತದೆ, ಮೆದುಳಿನ ರಕ್ತಸಂಚಾರಕ್ಕೂ ಒಳ್ಳೆಯದು. ವಾರಕ್ಕೆ ಮೂರು ದಿನ 40 ನಿಮಿಷದಂತೆ ವರ್ಷವಿಡೀ ನಡೆದ ಹಿರಿಯರಲ್ಲಿ, ನೆನಪಿಗೆ ಸಂಬಂಧಿಸಿದ ಹಿಪೊಕ್ಯಾಂಪಸ್ ಭಾಗದ ಗಾತ್ರ ಸುಮಾರು ಶೇಕಡಾ 2ರಷ್ಟು ಹೆಚ್ಚಿದ್ದನ್ನು 2011ರ ಅಮೆರಿಕದ ಅಧ್ಯಯನವೊಂದು ವರದಿ ಮಾಡಿದೆ. ಆದರೆ ಅವರು ಪಾರ್ಶ್ವವಾಯು ಪೀಡಿತರಾಗಿರಲಿಲ್ಲ. ನಡಿಗೆಯು ಮೆದುಳನ್ನು ಕಲಿಕೆಗೆ ಅಣಿಗೊಳಿಸಬಹುದು, ಕಳೆದುಹೋದ ಲೆಕ್ಕವನ್ನು ತಾನೇ ಕಲಿಸಿಕೊಡದು.

ಲೆಕ್ಕ ತಪ್ಪುವುದಕ್ಕೆ ಮರೆವೇ ಕಾರಣವಾಗಿರಬೇಕಿಲ್ಲ ಎಂಬುದನ್ನು ಒತ್ತಿ ಹೇಳಬಯಸುತ್ತೇನೆ. ಎಡಭಾಗ ಸೋತಿದೆಯೆಂದರೆ ಪೆಟ್ಟು ಬಿದ್ದಿರುವುದು ಸಾಮಾನ್ಯವಾಗಿ ಮೆದುಳಿನ ಬಲಭಾಗಕ್ಕೆ. ಅಂಥವರಲ್ಲಿ ಕೆಲವರಿಗೆ, ಕಣ್ಣು ಚೆನ್ನಾಗಿದ್ದರೂ, ಎಡಗಡೆ ಇರುವುದು ಗಮನಕ್ಕೇ ಬರುವುದಿಲ್ಲ: ತಟ್ಟೆಯ ಎಡಕ್ಕಿರುವ ಪಲ್ಯ ಹಾಗೇ ಉಳಿಯುತ್ತದೆ, ಎಡಭುಜ ಬಾಗಿಲಿಗೆ ತಾಗುತ್ತದೆ, 1,250 ಎಂಬುದು 250 ಆಗುತ್ತದೆ. ಅವರ ಹಳೆಯ ಲೆಕ್ಕದ ಪುಸ್ತಕದ ಪುಟವೊಂದನ್ನು ಓದಿಸಿ, ತಪ್ಪುಗಳು ಎಡಬದಿಯಲ್ಲೇ ಹೆಚ್ಚುತ್ತವೆಯೇ ಎಂದು ಗಮನಿಸಿ. ಹಾಗಿದ್ದಲ್ಲಿ ಪುಟದ ಎಡ ಅಂಚಿಗೆ ದಪ್ಪನೆಯ ಕೆಂಪು ಗೆರೆ ಎಳೆದು, ಪ್ರತಿ ಸಾಲಿನಲ್ಲೂ ಮೊದಲು ಆ ಗೆರೆಯನ್ನು ಹುಡುಕಿ, ಅಲ್ಲಿಂದ ಓದುವ ರೂಢಿ ಮಾಡಿಸಿ. ಮೊಬೈಲ್ ಆಟಗಳಿಗಿಂತ ಅವರು ಬದುಕಿನುದ್ದಕ್ಕೂ ಮಾಡಿದ ಈ ಕೆಲಸವೇ ಒಳ್ಳೆಯ ಅಭ್ಯಾಸವೆಂದು ನಾನು ನಂಬುತ್ತೇನೆ, ಏಕೆಂದರೆ ಆಟದಲ್ಲಿ ಗಳಿಸಿದ ಚುರುಕು ಬಹುಮಟ್ಟಿಗೆ ಆಟಕ್ಕೇ ಸೀಮಿತವಾಗುತ್ತದೆ. ದಣಿವಿಲ್ಲದ ಹೊತ್ತಿನಲ್ಲಿ, ಕುಳಿತು, ಹದಿನೈದಿಪ್ಪತ್ತು ನಿಮಿಷ ಸಾಕು. ಮರೆಯುವ ವಿಷಯಗಳಿಗೆ ಜೇಬಿನಲ್ಲೊಂದು ಪುಟ್ಟ ಪುಸ್ತಕವಿರಲಿ.

ನಡೆಸುವಾಗ ಕೋಲು ಬಲಗೈಯಲ್ಲಿರಲಿ, ನೀವು ಎಡಪಕ್ಕದಲ್ಲಿ, ಒಂದು ಹೆಜ್ಜೆ ಹಿಂದಿರಿ. ಹವಾಯಿ ಚಪ್ಪಲಿ ಬೇಡ, ಹಿಮ್ಮಡಿಗೆ ಪಟ್ಟಿಯಿರುವುದು ಬೇಕು. ಐದೈದು ನಿಮಿಷದಿಂದ ಆರಂಭಿಸಿ, ವೈದ್ಯರ ಒಪ್ಪಿಗೆಯೊಂದಿಗೆ ನಿಧಾನವಾಗಿ ಹೆಚ್ಚಿಸಿ. ರಕ್ತದೊತ್ತಡಕ್ಕೆ ಕೊಡುವ ಅಟೆನೊಲಾಲ್, ಮೆಟೊಪ್ರೊಲಾಲ್‌ನಂಥ ಮಾತ್ರೆ ನುಂಗುವವರಲ್ಲಿ ನಾಡಿಬಡಿತ ತಕ್ಕಷ್ಟು ಏರದ ಕಾರಣ, ಶ್ರಮವನ್ನು ಅಳೆಯಲು ಅದನ್ನು ನಂಬುವಂತಿಲ್ಲ. ಕ್ಷಣಕಾಲ ನಿಲ್ಲಿಸಿ ಕೇಳಿದಾಗ ಏದುಸಿರಿಲ್ಲದೆ ಒಂದು ವಾಕ್ಯ ಹೇಳಬಲ್ಲರಾದರೆ ವೇಗ ಸರಿಯಿದೆ. ಹೆಜ್ಜೆ ಗಟ್ಟಿಯಾದ ಮೇಲೆ, ಸಮತಟ್ಟಾದ ಜಾಗದಲ್ಲಿ, ಫಿಸಿಯೋಥೆರಪಿಸ್ಟರ ಎದುರಿನಲ್ಲಿ ಮಾತು ಮತ್ತು ನಡಿಗೆಯನ್ನು ಜೊತೆಗೂಡಿಸಬಹುದು. ಅದೂ ಚಿಕಿತ್ಸೆಯ ಒಂದು ಹಂತವೇ.

ಐದು ತಿಂಗಳಾಯಿತೆಂದು ಕೈಚೆಲ್ಲಬೇಡಿ. ಮೊದಲ ತಿಂಗಳುಗಳಲ್ಲಿ ಚೇತರಿಕೆ ವೇಗವಾಗಿರುತ್ತದೆ ನಿಜ, ಆರು ತಿಂಗಳಿಗೆ ಅದು ನಿಂತುಹೋಗುವುದಿಲ್ಲ. ಪಾರ್ಶ್ವವಾಯುವಿಗೆ ತುತ್ತಾದವರಲ್ಲಿ ಸುಮಾರು ಮೂರನೆಯ ಒಂದು ಭಾಗದಷ್ಟು ಜನರನ್ನು ಖಿನ್ನತೆ ಕಾಡುತ್ತದೆ, ಅದು ಮರೆವಿನಂತೆಯೇ ಕಾಣಿಸಬಹುದು. ಅವರು ಮಂಕಾಗಿದ್ದರೆ, ನಿದ್ದೆ ಊಟ ಬಿಟ್ಟಿದ್ದರೆ ವೈದ್ಯರಿಗೆ ತಿಳಿಸಿ. ಗಮನ, ನೆನಪು, ಭಾಷೆಗಳ ವಿವರವಾದ ಪರೀಕ್ಷೆ ಒಮ್ಮೆ ಆಗಲೇಬೇಕು. ಮಾತು ಮತ್ತು ಭಾಷೆಯ ತೊಂದರೆಗಳಿಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ತಜ್ಞರನ್ನು ಕಾಣಬಹುದು. ಹೋಗುವಾಗ ಸ್ಕ್ಯಾನ್ ವರದಿ, ಮಾತ್ರೆಗಳ ಚೀಟಿ ಮತ್ತು ಅವರು ಈಚೆಗೆ ಲೆಕ್ಕ ಬರೆದ ಒಂದೆರಡು ಪುಟಗಳನ್ನು ಜೊತೆಗೆ ಒಯ್ಯಿರಿ.