ಗೃಹಸಾಲ ಅವಧಿಗೆ ಮೊದಲೇ ತೀರಿಸಿದರೆ ದಂಡ ಕಟ್ಟಬೇಕಾ?

ಸರ್, ಚನ್ನಗಿರಿಯ ತೋಟ ಮಾರಿದ ದುಡ್ಡಲ್ಲಿ ದಾವಣಗೆರೆ ಮನೆಸಾಲದ ಬಾಕಿ 14 ಲಕ್ಷ ತೀರಿಸಲು ಹೋದರೆ ಬ್ಯಾಂಕಿನವರು ಶೇ. 2 ದಂಡ ಕೇಳಿದರು, ಕೊಡಬೇಕಾ ಅಂದಿದ್ದೀರಿ. ಅದು 28,000 ರೂಪಾಯಿ, ಸುಮ್ಮನೆ ಒಪ್ಪಬೇಡಿ. ಸ್ಯಾಂಕ್ಷನ್ ಲೆಟರ್‌ನಲ್ಲಿ (ಸಾಲ ಮಂಜೂರಾತಿ ಪತ್ರ) ಬಡ್ಡಿ ಫ್ಲೋಟಿಂಗೋ (ಕಾಲಕಾಲಕ್ಕೆ ಬದಲಾಗುವುದು) ಫಿಕ್ಸೆಡ್ಡೋ (ಒಂದೇ ದರ), ಸಾಲದ ಉದ್ದೇಶ ಏನು ಅಂತ ಮೊದಲು ನೋಡಿ.

ವ್ಯಕ್ತಿಯ ಹೆಸರಿನ ಫ್ಲೋಟಿಂಗ್ ಗೃಹಸಾಲಕ್ಕೆ ಬ್ಯಾಂಕು ಒಂದು ರೂಪಾಯಿ ದಂಡವನ್ನೂ ಹಾಕುವಂತಿಲ್ಲ. 2012ರ ಜೂನ್‌ನಿಂದಲೇ ರಿಸರ್ವ್ ಬ್ಯಾಂಕಿನ ನಿಯಮ ಇದೆ. ಫಿಕ್ಸೆಡ್ ಆಗಿದ್ದರೆ ಕರಾರಿನಲ್ಲಿ ಬರೆದಷ್ಟು ಕೇಳಬಹುದು. ಜನ ಹೆಚ್ಚಾಗಿ ಸಿಕ್ಕಿಬೀಳುವುದು ಸಾಲದ ಉದ್ದೇಶದ ವಿಷಯದಲ್ಲಿ: ಮನೆ ಅಡವಿಟ್ಟು ಅಂಗಡಿಗೆ ತೆಗೆದ ಹಳೆಯ ಸಾಲ ಗೃಹಸಾಲ ಅನ್ನಿಸಿಕೊಳ್ಳುವುದಿಲ್ಲ, ಅದಕ್ಕೆ ದಂಡ ಬೀಳಬಹುದು. 2026ರ ಜನವರಿ 1ರಿಂದ ಮಂಜೂರಾದ ಸಾಲಗಳಿಗೆ ನಿಯಮ ಸಾಲಗಾರರಿಗೆ ಇನ್ನೂ ಅನುಕೂಲ.

ನಿಮ್ಮದು ಫ್ಲೋಟಿಂಗ್ ಗೃಹಸಾಲವೇ ಆಗಿದ್ದರೆ, ಯಾವ ಷರತ್ತಿನ ಮೇಲೆ ದಂಡ ಅಂತ ಬರಹದಲ್ಲಿ ಕೇಳಿ, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಬಾಯಿಮಾತಿಗೆ ಬೆಲೆಯಿಲ್ಲ. 30 ದಿನದಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ (ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ಅಧಿಕಾರಿ) ಆನ್‌ಲೈನ್‌ನಲ್ಲೇ ದೂರು ಕೊಡಬಹುದು, ಶುಲ್ಕವಿಲ್ಲ.

ಹಣ ಕಟ್ಟುವ ದಿನಾಂಕಕ್ಕೇ ಫೋರ್‌ಕ್ಲೋಷರ್ ಸ್ಟೇಟ್‌ಮೆಂಟ್ (ಸಾಲ ಪೂರ್ತಿ ತೀರಿಸಲು ಕಟ್ಟಬೇಕಾದ ಮೊತ್ತದ ಪಟ್ಟಿ) ತೆಗೆಸಿ. ಎರಡು ದಿನ ತಡವಾದರೂ ಬಡ್ಡಿ ಸೇರಿ ಸ್ವಲ್ಪ ಬಾಕಿ ಉಳಿದು ಖಾತೆ ಮುಚ್ಚುವುದೇ ಇಲ್ಲ. ಇಎಂಐ ಮ್ಯಾಂಡೇಟ್ (ಕಂತು ಖಾತೆಯಿಂದ ತಾನಾಗಿ ಕಡಿತವಾಗಲು ಕೊಟ್ಟ ಒಪ್ಪಿಗೆ) ರದ್ದು ಮಾಡಿಸಿ. ಮನೆಯ ಮೂಲಪತ್ರಗಳನ್ನು ಬ್ಯಾಂಕಿನವರು ಸಾಲ ತೀರಿದ 30 ದಿನದೊಳಗೆ ಕೊಡಬೇಕು; ಅವರಿಂದಲೇ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ. ಅಡಮಾನ ನೋಂದಣಿಯಾಗಿದ್ದರೆ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಅದರ ಬಿಡುಗಡೆ ಪತ್ರವನ್ನೂ ನೋಂದಾಯಿಸಿ, ಆಮೇಲೆ ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಹೊಸ ಇಸಿ (ಋಣಭಾರ ಪ್ರಮಾಣಪತ್ರ) ತೆಗೆದು ನೋಡಿಕೊಳ್ಳಿ.