ಸಲಹೆಗಳಿಗೆ ಲೈಕ್ ಜೊತೆಗೆ ಡಿಸ್‌ಲೈಕ್ ಕೂಡ ಬೇಕೇ?

ತೀರ್ಥಹಳ್ಳಿ, ಹೊಸನಗರ ಭಾಗದ ಅಡಿಕೆ ಬೆಳೆಗಾರರು ಮೊಬೈಲ್‌ನಲ್ಲಿ ಹಂಚಿಕೊಳ್ಳುವ ಸಲಹೆಗಳಿಗೆ ಲೈಕ್ ಮಾತ್ರ ಸಾಕೇ, ಡಿಸ್‌ಲೈಕ್ ಕೂಡ ಬೇಕೇ ಎಂದು ಕೇಳಿದ್ದೀರಿ. ಎರಡೂ ಇರಲೇಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಉದಾಹರಣೆಗೆ, ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಶೇಕಡಾ 1ರ ಬೋರ್ಡೋ ಎಂಬ ಶಿಲೀಂಧ್ರನಾಶಕ ದ್ರಾವಣಕ್ಕೆ 100 ಲೀಟರ್ ನೀರಿಗೆ ಮೈಲುತುತ್ತ (ತಾಮ್ರದ ಸಲ್ಫೇಟ್) ಮತ್ತು ಸುಣ್ಣ ತಲಾ 1 ಕೆ.ಜಿ. ಬೇಕು, ಸುಣ್ಣ ಸಾಲದಿದ್ದರೆ ಅದ್ದಿ ತೆಗೆದ ಕಬ್ಬಿಣದ ಕತ್ತಿಯ ಅಲಗಿನ ಮೇಲೆ ತಾಮ್ರದ ಕೆಂಪು ಕೂರುತ್ತದೆ, ಅಂಥ ದ್ರಾವಣ ಎಳೆಯ ಕಾಯನ್ನು ಸುಡಬಲ್ಲದು. ಈ ಅಳತೆಯನ್ನೇ ತಪ್ಪಾಗಿ ಬರೆದ ಸಲಹೆಗೆ ಪರಿಚಯದವರ ಲೈಕ್‌ಗಳು ಬಿದ್ದು, ತಿಳಿದವರು ಸುಮ್ಮನೆ ದಾಟಿಹೋದರೆ, ಹೊಸ ಬೆಳೆಗಾರನಿಗೆ ಎಚ್ಚರಿಕೆ ಸಿಗುವುದೆಲ್ಲಿಂದ?

ಡಿಸ್‌ಲೈಕ್ ದಾಳಿಯ ಸಾಧನವೂ ಆಗಬಲ್ಲದು ನಿಜ. ಯೂಟ್ಯೂಬ್ 2021ರಲ್ಲಿ ಅದರ ಸಂಖ್ಯೆಯನ್ನು ಸಾರ್ವಜನಿಕರಿಂದ ಮರೆಮಾಡಲು ಕೊಟ್ಟ ಕಾರಣ ಇದೇ. ಆದ್ದರಿಂದ ಡಿಸ್‌ಲೈಕ್ ಒತ್ತುವವರು ಒಂದು ಸಾಲಿನ ಕಾರಣ ಬರೆಯುವುದು ಕಡ್ಡಾಯವಾಗಲಿ.

ಸಲಹೆಗಳನ್ನು ಮೇಲೆ ಕೆಳಗೆ ಜೋಡಿಸುವಾಗ ಲೈಕ್‌ನಿಂದ ಡಿಸ್‌ಲೈಕ್ ಕಳೆಯುವ ಲೆಕ್ಕ ಬೇಡ: 60 ಲೈಕ್, 40 ಡಿಸ್‌ಲೈಕ್ ಪಡೆದ ವಿವಾದಿತ ಸಲಹೆಗೆ 20 ಅಂಕ ಬಂದು, ವಿರೋಧವೇ ಇಲ್ಲದೆ 18 ಲೈಕ್ ಗಳಿಸಿದ್ದನ್ನು ಅದು ಹಿಂದಿಕ್ಕುತ್ತದೆ. ಬರಿಯ ಶೇಕಡಾವಾರು ತೆಗೆದರೆ ಒಂದೇ ಲೈಕ್ ಬಿದ್ದದ್ದು ನೂರಕ್ಕೆ ನೂರಾಗುತ್ತದೆ. ಎಡ್ವಿನ್ ವಿಲ್ಸನ್ 1927ರಲ್ಲಿ ಕೊಟ್ಟ ಸಂಖ್ಯಾಶಾಸ್ತ್ರದ ಸೂತ್ರದಲ್ಲಿ, ಶೇಕಡಾ 95ರ ವಿಶ್ವಾಸಮಟ್ಟದ ಕೆಳಮಿತಿಯನ್ನು (ಬಿದ್ದ ಮತಗಳಷ್ಟರಿಂದಲೇ ಹೆಚ್ಚುಕಡಿಮೆ ಖಚಿತವಾಗಿ ಹೇಳಬಹುದಾದ ಕನಿಷ್ಠ ಲೈಕ್ ಪಾಲನ್ನು) ಅಂಕವಾಗಿ ಹಿಡಿದರೆ, ಈ ಮೂರು ಸಲಹೆಗಳ ಅಂಕ ಅನುಕ್ರಮವಾಗಿ ಸುಮಾರು 0.50, 0.82 ಮತ್ತು 0.21 ಆಗುತ್ತದೆ; ವಿರೋಧವಿಲ್ಲದೆ 18 ಲೈಕ್ ಗಳಿಸಿದ್ದೇ ಎಲ್ಲಕ್ಕಿಂತ ಮೇಲೆ ಬರುತ್ತದೆ.